ಹಾವಿಗೆಂದು ಸಾಕಿದ ಮೀನು

ಹಾವು ಅಂಗಾತ ಬಿದ್ದಿರುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಭಾನುವಾರ ಬೆಳಿಗ್ಗೆ ಮಗಳು ಕೂಗಿದಾಗ ಮೇಲಿನ ಕೋಣೆಗೆ ಓಡಿದೆ. ಗಾಜಿನ ಪೆಟ್ಟಿಗೆಯೊಳಗೆ ಅವಳು ಸಾಕಿದ ಗಾರ್ಟರ್ ಜಾತಿಯ ಹಾವು ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿತ್ತು. ಮಗಳು ಅದನ್ನು ಮೆಲ್ಲಗೆ ಬೋರಲು ಮಾಡಿದಳು. ಅದು ತಲೆಯನ್ನು ಒಂದು ಬದಿಗೆ ತಿರುಚಿ, ಬಾಯಿ ತೆರೆದು, ಮತ್ತೆ ಅಂಗಾತವಾಯಿತು. ನಾನು ಕಿರುಚಿದೆನೆಂದು ನನ್ನ ನೆನಪು. ಏನೂ ಮಾತಾಡದೆ ಬಾಗಿಲು ಹಿಡಿದು ನಿಂತಿದ್ದೆ ಎನ್ನುತ್ತಾಳೆ ಮಗಳು. ಇಂಥ ವಿಷಯಗಳಲ್ಲಿ ಈಗೀಗ ನಾನು ಅವಳನ್ನೇ ನಂಬುತ್ತೇನೆ.

ನನಗೆ ಹಾವೆಂದರೆ ಭಯ. ಈ ಡಚ್ ನಾಡಿನ ವಾಗೆನಿಂಗನ್ನಿನಲ್ಲಿ ಮಣ್ಣಿನ ಸಂಶೋಧನೆ ಮಾಡುವವಳು, ಎರೆಹುಳುಗಳನ್ನು ಬರಿಗೈಯಲ್ಲಿ ಎತ್ತುವವಳು, ಆದರೂ ಭಯ. ಮಗಳು ಹೈಸ್ಕೂಲು ಸೇರಿದ ವರ್ಷ ಹಾವು ಸಾಕಬೇಕೆಂದು ಹಟ ಹಿಡಿದಾಗ ನಾನು ಒಪ್ಪಿದ್ದು ಎರಡು ಷರತ್ತಿನ ಮೇಲೆ. ಅದನ್ನು ನಾನು ಮುಟ್ಟುವುದಿಲ್ಲ. ಕಾಯಿತುರಿ, ಹಸಿಬಟಾಣಿ ಇಡುವ ಫ್ರೀಜರಿನಲ್ಲಿ ಅದರ ಊಟಕ್ಕೆಂದು ಸತ್ತ ಇಲಿ ಇಡಕೂಡದು. ಈ ಜಾತಿಯ ಹಾವು ಮೀನು ತಿಂದೂ ಬದುಕುತ್ತದೆ ಎಂದು ಅವಳೇ ಓದಿ ತಿಳಿಸಿದಳು. ಹೀಗೆ, ತಲೆಮಾರುಗಳಿಂದ ಮೀನು ಮುಟ್ಟದ ನಮ್ಮ ಮನೆಯಲ್ಲಿ ಗಪ್ಪಿ ಮೀನಿನ ಸಾಕಣೆ ಶುರುವಾಯಿತು.

ಆ ಕೆಲಸ ಹೇಗೋ ನನ್ನ ಪಾಲಿಗೆ ಬಂತು. ಹಿತ್ತಲಿನ ಶೆಡ್ಡಿನಲ್ಲಿ ಹೀಟರ್ ಹಾಕಿದ ಗಾಜಿನ ತೊಟ್ಟಿ. ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಬಸುರಿ ಮೀನಿನ ಹೊಟ್ಟೆಯ ಹಿಂಭಾಗದ ಕಪ್ಪು ಮಚ್ಚೆ ಗಾಢವಾದಾಗ ಅದನ್ನು ಬೇರೆ ಮಾಡಬೇಕು. ಮರಿಗಳು ಅವಿತುಕೊಳ್ಳಲು ಪಾಚಿಯ ಗೊಂಚಲು ಬಿಡಬೇಕು, ಇಲ್ಲವಾದರೆ ತಾಯಿಯೇ ನುಂಗಿಬಿಡುತ್ತದೆ. ಸಂಜೆ ಆ ತೊಟ್ಟಿಯ ಮುಂದೆ ಕೂರುವುದು ನನಗೆ ಇಷ್ಟವಾಗುತ್ತಿತ್ತು. ಆಮೇಲೆ ಅವುಗಳಲ್ಲೇ ಕೆಲವನ್ನು ಬಲೆಯಲ್ಲಿ ಹಿಡಿದು ಮಗಳ ಕೈಗೆ ಕೊಡುತ್ತಿದ್ದೆ. ಯಾವುದನ್ನು ಕೊಡುವುದೆಂದು ಹೇಗೆ ಆರಿಸುತ್ತಿದ್ದೆ? ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ನೋಡದೆ ಹಿಡಿಯುತ್ತಿದ್ದೆ ಎಂದುಕೊಳ್ಳಲು ಆಸೆ. ಅದು ನಿಜವಿರಲಾರದು, ನೋಡದೆ ಬಲೆ ಹಾಕಿದರೆ ಗಪ್ಪಿ ಸಿಗುವುದಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಧಾರವಾಡದಿಂದ ಅತ್ತೆ ಬಂದರು. ಹಾವಿನ ಕೋಣೆಯೊಳಗೆ ಅವರು ಕಾಲಿಡಲಿಲ್ಲ. ಹೊಸ್ತಿಲಲ್ಲಿ ನಿಂತು ಕೈಮುಗಿದು ಬಂದರು. ಮೀನುಗಳನ್ನು ಕಂಡರೆ ಮಾತ್ರ ಬಹಳ ಅಕ್ಕರೆ.

‘ನಾಗಪ್ಪಗ ನಾವು ಹಾಲು ಎರೀತೀವಿ, ನೀವು ಮೀನ ತಿನಸ್ತೀರಿ. ಊರಾಗ ಹೇಳಿದ್ರ ಯಾರೂ ನಂಬೂದಿಲ್ಲ ನೋಡವಾ. ಈ ಮೀನಕ್ಕರ ಏನ ಹಾಕ್ತೀ?’

‘ಒಂದು ಚಿಟಿಕೆ ಪುಡಿ ಅತ್ತೆ, ಅಷ್ಟೇ.’

‘ಅಯ್ಯ, ಚಿಟಿಕಿ! ನೀವೂ ಹಂಗ ತಿಂತೀರಿ, ಅವಕ್ಕೂ ಹಂಗ ಹಾಕ್ತೀರಿ.’

ದೇವಸ್ಥಾನದ ಹೊಂಡದ ಮೀನುಗಳಿಗೆ ಚುರುಮುರಿ ಎರಚುವುದು ಅವರಿಗೆ ಮೊದಲಿನಿಂದಲೂ ರೂಢಿ, ಪುಣ್ಯದ ಕೆಲಸ. ನಾವು ಕೆಲಸಕ್ಕೆ ಹೋದ ಮೇಲೆ ನಮ್ಮ ತೊಟ್ಟಿಗೂ ಮುಷ್ಟಿ ಮುಷ್ಟಿ ಎರಚತೊಡಗಿದರು. ತಿನ್ನದೆ ಉಳಿದದ್ದು ಪಾಚಿಯೊಳಗೆ ಕೊಳೆಯಿತು. ಒಂದು ವಾರಾಂತ್ಯ ನಾವು ಆಮರ್ಸ್‌ಫೋರ್ಟಿನ ಗೆಳೆಯರ ಮನೆಗೆ ಹೋಗಿ ಬರುವಷ್ಟರಲ್ಲಿ ನೀರು ಗಂಜಿಯಂತಾಗಿ ಮೀನುಗಳೆಲ್ಲ ತೇಲುತ್ತಿದ್ದವು. ಅತ್ತೆ ಆ ರಾತ್ರಿ ಊಟ ಮಾಡಲಿಲ್ಲ.

ಹಾವಿಗಂತೂ ಊಟ ಬೇಕಿತ್ತು. ಹೊಸ ಗಪ್ಪಿಗಳನ್ನು ತಂದು ಅವು ಮರಿ ಹಾಕುವ ತನಕ ಇರಲಿ ಎಂದು ನನ್ನ ಗಂಡ ಅಂಗಡಿಯಿಂದ ಪುಟ್ಟ ಗೋಲ್ಡ್‌ಫಿಶ್‌ಗಳನ್ನು ತಂದ. ‘ಮೀನು ಅಂದ್ರೆ ಮೀನು ತಾನೆ’ ಎಂದವರು ಯಾರು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಮೀನು ತಿನ್ನುವವರ ಮನೆಯಲ್ಲಿ ಆ ಮಾತು ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಬಂಗುಡೆ ಯಾವುದು, ಬೂತಾಯಿ ಯಾವುದು ಎಂದು ತಿಳಿಯದ ನಮಗೆ ಈಜುವುದೆಲ್ಲ ಒಂದೇ. ಹಾವು ವಾರಗಟ್ಟಲೆ ಅದನ್ನೇ ತಿಂದಿತು. ಒಂದೂ ಬಿಡದೆ ತಿನ್ನುತ್ತಿದೆ ಎಂದು ನಾವು ಸಂತೋಷಪಟ್ಟೆವು.

ಹಾವು ಅಂಗಾತ ಬಿದ್ದ ಆ ಭಾನುವಾರ ಗಂಡ ಊರೂರಿಗೆ ಫೋನ್ ಮಾಡಿದ. ಹಾವು ನೋಡುವ ಡಾಕ್ಟರು ಯುಟ್ರೆಕ್ಟ್‌ನಲ್ಲಿ ಮಾತ್ರ ಸಿಕ್ಕರು. ಕೆಳಗೆ ಅತ್ತೆ ನಡುಗುತ್ತಿದ್ದರು.

‘ಮನ್ಯಾಗ ನಾಗಪ್ಪ ಜೀವಾ ಬಿಟ್ರ ಚಲೋ ಅಲ್ಲಪಾ. ಸಂಸ್ಕಾರ ಮಾಡಬೇಕಾಗ್ತದ. ಇಲ್ಲೆ ಯಾರ ಅದಾರ?’

‘ಅವ್ವಾ, ಸುಮ್ಕಿರು. ಅದು ಅಂಗಡ್ಯಾಗ ತಂದ ಹಾವು.’

‘ಅಂಗಡ್ಯಾಗ ತಂದ್ರ ಜೀವಾ ಇರೂದಿಲ್ಲೇನು?’

ನಾನು ಇದನ್ನೆಲ್ಲ ನಂಬುವವಳಲ್ಲ. ಆದರೆ ಆ ಬೆಳಿಗ್ಗೆ ನಂಬಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ.

ಅತ್ತೆಯನ್ನು ಆ ಸ್ಥಿತಿಯಲ್ಲಿ ಬಿಡುವಂತಿರಲಿಲ್ಲ, ಗಂಡ ಉಳಿದ. ನಮಗೆ ಕಾರಿಲ್ಲ. ಹಾವನ್ನು ದಿಂಬಿನ ಚೀಲದಲ್ಲಿಟ್ಟು ಬಾಯಿ ಗಂಟು ಹಾಕಿದ ಮಗಳು ಅದನ್ನು ನನ್ನ ಕಡೆ ಚಾಚಿದಳು. ಹೊರಗೆ ಹಿಮ ಬೀಳುವಂಥ ಚಳಿ. ಯಾರಾದರೂ ಮೈಗೆ ಒತ್ತಿಕೊಂಡು ಬೆಚ್ಚಗಿಡಬೇಕು.

‘ನೀನೇ ಇಟ್ಕೊಳೆ. ನಿನ್ನ ಹಾವು.’

‘ನನ್ನ ಕೈಯಲ್ಲೇ ಸತ್ತ್‌ಹೋದ್ರೆ? ಪ್ಲೀಸ್ ಅಮ್ಮ. ಐ ಕಾಂಟ್.’

ಕೋಟಿನ ಜಿಪ್ ತೆರೆದು ಚೀಲವನ್ನು ಒಳಗೆ ತೆಗೆದುಕೊಂಡೆ. ಧೈರ್ಯದಿಂದಲ್ಲ. ಅವಳ ಮುಖ ನೋಡಲಾಗಲಿಲ್ಲ, ಅಷ್ಟೇ.

ಬಸ್ಸಿನಲ್ಲಿ ಉಸಿರು ಪೂರ್ತಿ ಎಳೆಯಲಿಲ್ಲ. ಪಕ್ಕೆಲುಬಿಗೆ ಒತ್ತಿಕೊಂಡಿದ್ದ ಚೀಲ ಒದ್ದೆ ಹಗ್ಗದ ಸುರುಳಿಯಂತಿತ್ತು. ಅದು ಅಲುಗಿದರೆ ಬೆನ್ನೆಲ್ಲ ಬೆವರುತ್ತಿತ್ತು. ಅಲುಗದಿದ್ದರೆ ಅದಕ್ಕಿಂತ ಭಯ. ರೈಲಿನಲ್ಲಿ ಎದುರು ಕೂತ ವಯಸ್ಸಾದ ಹೆಂಗಸು ನನ್ನ ಉಬ್ಬಿದ ಕೋಟು ನೋಡಿ ನಕ್ಕು, ಬೆಕ್ಕಿನ ಮರಿಯೇ ಎಂದು ಡಚ್ಚಿನಲ್ಲಿ ಕೇಳಿದರು.

‘ನೇ, ಸ್ಲಾಂಗ್,’ ಎಂದಳು ಮಗಳು. ಅಲ್ಲ, ಹಾವು.

ಆಕೆ ತಮ್ಮ ಚೀಲ ಎತ್ತಿಕೊಂಡು ಬೇರೆ ಸೀಟಿಗೆ ಹೋದರು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು.

‘ಇದ್ಯಾ ಅಮ್ಮ?’ ಎಂದು ಮಗಳು ಮತ್ತೆ ಮತ್ತೆ ಕೇಳುತ್ತಿದ್ದಳು. ಪ್ರತಿ ಸಲವೂ ಕೋಟಿನೊಳಗೆ ಕೈ ಹಾಕಿ, ಬಟ್ಟೆಯ ಮೇಲಿಂದ ಒತ್ತಿ, ‘ಇದೆ’ ಎನ್ನಬೇಕಿತ್ತು. ಕೊನೆಕೊನೆಗೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಆದರೂ ಇದೆ ಎಂದೆ.

ಡಾಕ್ಟರು ಅದನ್ನು ಮೇಜಿನ ಮೇಲೆ ಬಿಟ್ಟರು. ಅದು ಒಮ್ಮೆ ಸೆಟೆದು ಅಂಗಾತವಾಯಿತು. ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಮೀನು ಎಂದಳು ಮಗಳು. ಯಾವ ಮೀನು? ಅವಳು ಹೇಳಿದಾಗ ಅವರು ತಲೆಯಾಡಿಸಿದರು. ಗೋಲ್ಡ್‌ಫಿಶ್‌ನಲ್ಲಿರುವ ಒಂದು ಅಂಶ ಬಿ-ಒನ್ ವಿಟಮಿನ್ನನ್ನು ನಾಶ ಮಾಡುತ್ತದೆ, ಅದನ್ನೇ ತಿನ್ನುತ್ತಿದ್ದರೆ ಹಾವಿನ ನರಗಳು ಸೋಲುತ್ತವೆ. ಗಪ್ಪಿಯಲ್ಲಿ ಆ ತೊಂದರೆಯಿಲ್ಲ. ಇಂಜೆಕ್ಷನ್ ಕೊಟ್ಟರು. ಉಳಿಯುತ್ತದೆಂದು ಹೇಳಲಾರೆ, ಬೆಚ್ಚಗಿಡಿ, ತಾನಾಗಿ ಬೋರಲಾಗುತ್ತದೆಯೇ ನೋಡಿ ಎಂದರು.

ಹಿಂದಿರುಗುವಾಗ ಮಗಳು ಏನೂ ಕೇಳಲಿಲ್ಲ. ಕೇಳದಿರುವುದು ಇನ್ನೂ ಕಷ್ಟವಾಗಿತ್ತು. ರೈಲು ತಿರುವಿನಲ್ಲಿ ವಾಲಿದಾಗ ಪಕ್ಕೆಯ ಬಳಿ ಏನೋ ಸರಿದಂತಾಯಿತು. ಹಾವೋ, ರೈಲೋ? ನಾನು ಅವಳಿಗೆ ಹೇಳಲಿಲ್ಲ.

ಮನೆಗೆ ಬಂದಾಗ ಅತ್ತೆ ಮೆಟ್ಟಿಲ ಕೆಳಗೆ ನಿಂತಿದ್ದರು. ಗಾಜಿನ ಪೆಟ್ಟಿಗೆಯ ದೀಪ ಹಾಕಿ, ಚೀಲವನ್ನು ಒಳಗಿಟ್ಟು, ಗಂಟು ಬಿಚ್ಚಿದೆ. ಮಗಳು ಮಂಚದ ಮೇಲೆ ಕಣ್ಣು ಮುಚ್ಚಿ ಕೂತಳು.

‘ನೀನೇ ತೆಗಿ. ನಾನು ನೋಡಲ್ಲ.’

ಕೈ ಒಳಗೆ ಹಾಕಿದೆ. ತಣ್ಣನೆಯದೊಂದು ನನ್ನ ಬೆರಳನ್ನು ಒತ್ತಿ, ತಳ್ಳಿ, ಅದರ ಮೇಲೇ ಹರಿದುಹೋಯಿತು. ಕೈಯನ್ನು ಹೇಗೆ ಹೊರಗೆಳೆದೆನೋ, ಮೊಣಕೈ ಗಾಜಿಗೆ ಬಡಿಯಿತು.

‘ಅಮ್ಮ? ಸತ್ತೋಯ್ತಾ?’

‘ಕಣ್ಣು ಬಿಡೇ.’

‘ಮೊದ್ಲು ಹೇಳು!’

‘ಬಿಡು ಅಂದೆ ತಾನೆ!’

ಚೀಲದ ಬಾಯಿಂದ ತಲೆ ಹೊರಬಂತು. ಆಮೇಲೆ ಮೈ. ಒಂದು ಬದಿಗೆ ವಾಲುತ್ತ, ವಾಲಿದಾಗಲೆಲ್ಲ ತಾನೇ ಸರಿಮಾಡಿಕೊಳ್ಳುತ್ತ, ಹಾವು ಬೋರಲಾಗಿಯೇ ದೀಪದ ಕಡೆಗೆ ತೆವಳುತ್ತಿತ್ತು. ಚೀಲದ ತುದಿ ನನ್ನ ಇನ್ನೊಂದು ಕೈಯಲ್ಲೇ ಇತ್ತು, ಬಿಡಬೇಕೆಂದು ಹೊಳೆಯಲಿಲ್ಲ.