ಡೀಲಿಯಾಳ ಅರ್ಜಿಗೆ ಮೆರಿಲ್ ಬರೆದ ಪತ್ರ

ಕಾಲೇಜಿನ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ತರಗತಿಯಲ್ಲಿ ವಿದ್ಯಾರ್ಥಿಯ ಸ್ಥಾನ ಎಷ್ಟನೆಯದು? ಒಂದನೆಯದು ಎಂದು ನಾನು ತುಂಬಿದೆ. ತರಗತಿಯಲ್ಲಿ ಒಟ್ಟು ಎಷ್ಟು ಮಂದಿ? ಅದಕ್ಕೂ ಒಂದು ಎಂದೇ ತುಂಬಬೇಕಾಯಿತು.

"ಕೊನೇ ಸ್ಥಾನ ಅಂತಾನೂ ಬರೀಬಹುದಲ್ವಾ ಟೀಚರ್?" ಎಂದಳು ಡೀಲಿಯಾ ಬೀಲ್.

ಹನ್ನೆರಡನೇ ತರಗತಿ ಎಂದರೆ ಅವಳೊಬ್ಬಳೇ. ಅಮೆರಿಕದ ಮೇನ್ ಕಡಲಿನ ನಮ್ಮ ದ್ವೀಪದ ಶಾಲೆಯಲ್ಲಿ ಇರುವುದೇ ಒಂಬತ್ತು ಮಕ್ಕಳು. ಪಾಠ ಹೇಳುವವಳು, ಗುಮಾಸ್ತೆ, ಗಂಟೆ ಹೊಡೆಯುವವಳು ಎಲ್ಲ ನಾನೇ. ಒಂದು ವರ್ಷ ಇದ್ದು ಹೋಗೋಣವೆಂದು ಬಂದು ಇಪ್ಪತ್ತೆರಡು ವರ್ಷವಾಯಿತು.

ಡೀಲಿಯಾಗೆ ದೋಣಿ ಕಟ್ಟುವ ವಿದ್ಯೆ ಕಲಿಯಬೇಕು. ಅರ್ಜಿ ಹಾಕಿದ್ದು ಒಂದೇ ಕಾಲೇಜಿಗೆ. ಇನ್ನೆರಡು ಕಡೆ ಹಾಕು ಎಂದರೆ, "ಅಲ್ಲಿ ಬೇರೆ ಏನೋ ಕಲಿಸ್ತಾರೆ, ನಂಗದು ಬೇಡ" ಎನ್ನುವ ಹಟಮಾರಿ. ಆ ಕಾಲೇಜು ಕೈಬಿಟ್ಟರೆ ಇಲ್ಲೇ ಕಡಲಿನಿಂದ ಸಿಗಡಿ ಬೋನು ಎತ್ತುತ್ತ ಒಂದು ವರ್ಷ ಕಾಯಬೇಕು. ಹಾಗೆ ಕಾದ ಹುಡುಗರು ಮತ್ತೆ ಅರ್ಜಿ ಹಾಕಿದ್ದನ್ನು ನಾನಂತೂ ಕಂಡಿಲ್ಲ.

ಪಠ್ಯೇತರ ಚಟುವಟಿಕೆ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದಳು. "ಬೆಂಕಿ ಆರಿಸೋ ತಂಡದಲ್ಲಿ ಇದೀಯ, ಚರ್ಚಲ್ಲಿ ಆರ್ಗನ್ ನುಡಿಸ್ತೀಯ, ಅವೆಲ್ಲ ಏನೇ?" ಎಂದು ಗದರಿದೆ.

"ಅವು ಚಟುವಟಿಕೇನಾ? ಮಾಡೋಕೆ ಬೇರೆ ಯಾರೂ ಇಲ್ವಲ್ಲ, ಅದಕ್ಕೆ ಮಾಡ್ತೀನಿ."

ಈ ದ್ವೀಪದವರ ಜಾಯಮಾನವೇ ಇದು. ಪಟ್ಟು ಹಿಡಿದು ಬರೆಸಿದೆ.

ಶಿಫಾರಸು ಪತ್ರ ಎರಡು ಬೇಕಿತ್ತು. ಒಂದು ನನ್ನದು. ಇನ್ನೊಬ್ಬ ಶಿಕ್ಷಕರಿಲ್ಲದ ಕಾರಣ ಎರಡನೆಯದನ್ನು ಅವಳು ಕೆಲಸ ಮಾಡುವ ದೋಣಿಯ ಯಜಮಾನ ಬರೆಯಬಹುದೆಂದು ಕಾಲೇಜಿನವರು ಒಪ್ಪಿದರು. ಯಜಮಾನ ಎಂದರೆ ಮೆರಿಲ್ ಏಮ್ಸ್, ಎಪ್ಪತ್ತೊಂದರ ಮುದುಕ, ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯನ್ನು ಬೋನಿಟ್ಟು ಹಿಡಿಯುವವನು. ಒಂಬತ್ತು ದಿನ ತೆಗೆದುಕೊಂಡು, ಮೀನು ವಾಸನೆ ಹೊಡೆಯುವ ಒಂದು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟು ಹೋದ.

"ಡೀಲಿಯಾ ಮೂರು ಬೇಸಿಗೆ ನನ್ನ ದೋಣಿಯಲ್ಲಿ ಕೆಲಸ ಮಾಡಿದ್ದಾಳೆ. ಎರಡು ಸಲ ತಡವಾಗಿ ಬಂದಳು. ಒಮ್ಮೆ ಅವಳ ಅಮ್ಮನಿಗೆ ಹುಷಾರಿರಲಿಲ್ಲ, ಇನ್ನೊಮ್ಮೆ ನಾನೇ ಹೊತ್ತು ತಪ್ಪಾಗಿ ಹೇಳಿದ್ದೆ. ದೋಣಿಯೊಳಗೆ ನಿಂತ ನೀರು ಎತ್ತಿಹಾಕುವ ಪಂಪು ತಪ್ಪು ಜಾಗದಲ್ಲಿದೆ ಎಂದಳು. ಇದ್ದದ್ದು ನಿಜ. ನಿಮಗೆ ಅವಳು ಬೇಡವಾದರೆ ಬೇಗ ತಿಳಿಸಿ. ನಿಮಗೆ ಬೇಕಾದರೆ ಅವಳ ಜಾಗಕ್ಕೆ ನಾನು ಇಬ್ಬರನ್ನು ಹುಡುಕಬೇಕು."

ಅಷ್ಟೇ. ನನಗೆ ಮೈಯೆಲ್ಲ ಉರಿದುಹೋಯಿತು. ಊರೂರಿನ ಮಕ್ಕಳನ್ನು ಅವರವರ ಮೇಷ್ಟರುಗಳು ಹೊಗಳಿ ಅಟ್ಟಕ್ಕೇರಿಸಿರುತ್ತಾರೆ, ನಮ್ಮ ಹುಡುಗಿಯ ಕೈಯಲ್ಲಿ ಇದು! ಹೊಗಳಿದರೆ ದೋಣಿಗೆ ಕೇಡು ಎಂದು ನಂಬುವ ಜನ ಇವರು. ಅದು ನನಗೆ ಗೊತ್ತು, ಕಾಲೇಜಿನವರಿಗೆ ಗೊತ್ತೇ? ನಾನೇ ಒಂದು ಪುಟ ತುಂಬ ಚೆನ್ನಾಗಿ ಬರೆದು, ಸಹಿ ಹಾಕಿಸಲು ದೋಣಿ ಕಟ್ಟುವ ಧಕ್ಕೆಗೆ ಹೋದೆ. ಮುದುಕ ಕನ್ನಡಕ ಏರಿಸಿ ಎರಡು ಸಲ ಓದಿದ.

"ಯಾರಿವಳು?"

"ಡೀಲಿಯಾ."

"ಅಲ್ಲ ಬಿಡಿ. ಇಂಥವಳು ನನ್ನ ದೋಣಿ ಹತ್ತಿದ್ರೆ ಮಧ್ಯಾಹ್ನದೊಳಗೆ ನೀರಿಗೆ ತಳ್ತಿದ್ದೆ."

"ಅವಳ ಬಾಳಿನ ಪ್ರಶ್ನೆ, ಮೆರಿಲ್. ಒಂದು ಸಹಿ ಹಾಕಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಇದಕ್ಕೆ ಸಹಿ ಹಾಕಿದ್ರೆ, ನಾಳೆ ನಾನು ನಿಜ ಹೇಳಿದ್ರೂ ಯಾರು ನಂಬ್ತಾರೆ ಟೀಚರ್?"

ಮಾರನೆಯ ದಿನವೇ ಕೊನೆಯ ಗಡುವು. ಡೀಲಿಯಾಳನ್ನು ಕರೆದು, ಮೆರಿಲ್ ಬರೆದದ್ದು ಸಾಲುವಂತಿಲ್ಲ, ಓದಿ ನೋಡು ಎಂದೆ. ಅವಳು ಹಾಳೆ ಮುಟ್ಟಲೂ ಇಲ್ಲ.

"ಅದನ್ನೇ ಕಳ್ಸಿ ಟೀಚರ್. ಅವ್ರು ಇಲ್ಲದ್ದು ಬರಿಯೋರಲ್ಲ."

ಕಳಿಸಿದೆ. ಆಮೇಲೆ ಮೂರು ತಿಂಗಳು ನನಗೆ ಸರಿಯಾಗಿ ಅನ್ನ ಸೇರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ಅವಳು ಮಾತ್ರ ಎಂದಿನಂತೆ ಬಂದಳು, ಗಣಿತ ಮಾಡಿದಳು, ಹೋದಳು.

ಏಪ್ರಿಲ್ ಮೊದಲ ವಾರ ಉತ್ತರ ಬಂತು. ಸೀಟು ಸಿಕ್ಕಿತ್ತು. ಅಚ್ಚಾದ ಸಾಲುಗಳ ಕೆಳಗೆ ಯಾರೋ ಕೈಯಿಂದ ಬರೆದಿದ್ದರು: "ಏಮ್ಸ್ ಅವರಿಗೆ ದಯವಿಟ್ಟು ತಿಳಿಸಿ, ಇಬ್ಬರನ್ನು ಹುಡುಕಿಕೊಳ್ಳಲಿ." ನಾನು ನಕ್ಕೆ, ನನ್ನ ಆ ಒಂದು ಪುಟ ನೆನೆದು ನಾಚಿಕೆಯೂ ಆಯಿತು.

ಡೀಲಿಯಾ ಧಕ್ಕೆಗೆ ಓಡಿದಳು. ಹೋದಷ್ಟೇ ಬೇಗ ಸಪ್ಪೆ ಮುಖ ಹೊತ್ತು ವಾಪಸಾದಳು.

"ಏನಂದ್ರು?"

"ಹೂಂ ಅಂದ್ರು. ನಾಳೆ ಐದು ಗಂಟೆಗೆ ಬಾ, ಬೋನು ಬಿಡೋದಿದೆ ಅಂದ್ರು."

ಮುದುಕನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡೆ. ಬೆಳಕು ಹರಿಯುವಾಗ ತಡೆಯಲಾರದೆ ಧಕ್ಕೆಗೆ ಹೋದೆ, ಎದುರಿಗೇ ಎರಡು ಮಾತು ಹೇಳಿಬಿಡೋಣವೆಂದು. ದೋಣಿ ಆಗಲೇ ಹೊರಟಿತ್ತು.

ನಲವತ್ತು ವರ್ಷದಲ್ಲಿ ಆ ದೋಣಿಯ ಚುಕ್ಕಾಣಿಯನ್ನು ಮೆರಿಲ್ ಯಾರಿಗೂ ಕೊಟ್ಟವನಲ್ಲ, ಸ್ವಂತ ಮಗನಿಗೂ ಕೊಟ್ಟಿರಲಿಲ್ಲ. ಈಗ ಚುಕ್ಕಾಣಿ ಹಿಡಿದು ನಿಂತಿದ್ದವಳು ಡೀಲಿಯಾ. ಮೆರಿಲ್ ಹಿಂದೆ ಕೂತು, ಕೊಳೆತ ಮೀನನ್ನು ಬೋನಿನ ಎರೆಚೀಲಗಳಿಗೆ ತುಂಬುವ ಅವಳ ಕೆಲಸ ಮಾಡುತ್ತಿದ್ದ. ಧಕ್ಕೆಯ ಗಂಡಸರು ಕೈಕೆಲಸ ನಿಲ್ಲಿಸಿ ನೋಡಿದರು. ನನಗೆ ಕಣ್ಣು ತುಂಬಿ ಬಂತು.

ದೋಣಿ ಬಂದರಿನ ಬಾಯಿಗೆ ಬಂದಾಗ ಮೆರಿಲ್ ತಲೆಯೆತ್ತಿ, "ಎಡಕ್ಕೆ ಬಂಡೆ ಇದೆ" ಎಂದು ಕೂಗಿದ.

"ಕಾಣ್ತಿದೆ" ಎಂದು ತಿರುಗಿ ಕೂಗಿದಳು ಡೀಲಿಯಾ.

ಅವನು ಎರೆಚೀಲಕ್ಕೆ ಬಗ್ಗಿದವನು ಮತ್ತೆ ತಲೆಯೆತ್ತಿ ದಾರಿ ನೋಡಲಿಲ್ಲ.