ಯಾವ ಲೈನು ಎಂದು ಕೇಳದವನು

ನಮ್ಮ ಮನೆಯಲ್ಲಿ ಇನ್ನೂ ಲ್ಯಾಂಡ್‌ಲೈನ್ ಫೋನ್ ಇದೆ ಎಂದು ಹೇಳಿಕೊಳ್ಳಲು ನನಗೆ ಸ್ವಲ್ಪ ನಾಚಿಕೆ. ಯಾರಾದರೂ ಅದನ್ನು ಕಂಡು ಹುಬ್ಬೇರಿಸಿದರೆ, "ಇಂಟರ್‌ನೆಟ್ಟಿನ ಜೊತೆ ಬಂದದ್ದು" ಎಂದು ತಕ್ಷಣ ಸಮಜಾಯಿಷಿ ಕೊಡುತ್ತೇನೆ, ಕರೆಯದೆ ಬಂದ ನೆಂಟನನ್ನು ಪರಿಚಯಿಸುವ ಧಾಟಿಯಲ್ಲಿ. ನಿಜ ಸಂಗತಿ ಬೇರೆ. ನನ್ನ ಹೆಂಡತಿ ವಸಂತಿಯ ಅಕ್ಕ ಇರುವುದು ಒಮಾನಿನ ದಕ್ಷಿಣ ತುದಿಯ ಸಲಾಲಾದಲ್ಲಿ, ನಾವಿರುವುದು ಮಸ್ಕತ್ತಿನ ವಾದಿ ಅದಾಯ್‌ನ ಒಂದು ಹಳೆಯ ಕಟ್ಟಡದಲ್ಲಿ. ನಡುವೆ ಸಾವಿರ ಕಿಲೋಮೀಟರ್ ಮರುಭೂಮಿ. ಅದನ್ನು ಇವರಿಬ್ಬರೂ ದಿನಾ ಸಂಜೆ ಆ ಫೋನಿನ ಮೂಲಕ ದಾಟುತ್ತಾರೆ. ಮೊಬೈಲಿನಲ್ಲಿ ಮಾತಾಡಿದರೆ ಕಿವಿ ಬಿಸಿಯಾಗುತ್ತದಂತೆ. ಒಂದು ಗಂಟೆ ಮಾತಾಡಿದರೆ ಯಾವುದರಲ್ಲಾದರೂ ಬಿಸಿಯಾಗುತ್ತದೆ ಎಂದು ನಾನು ಹೇಳಿಲ್ಲ. ನನಗೂ ಮನೆಯಲ್ಲಿ ಊಟ ಬೇಕು.

ಈ ಚಳಿಗಾಲ ಶುರುವಾಗುತ್ತಿದ್ದಂತೆ ಆ ಫೋನಿಗೆ ಏನೋ ತಾಗಿತು. ಎತ್ತಿದರೆ ಒಳಗಿನಿಂದ ಒಂದು ಸದ್ದು. ಮೊದಮೊದಲು ಸಹಿಸಿಕೊಂಡೆವು. ಒಂದು ಸಂಜೆ ಅಕ್ಕ, "ಭಾವ ಮೆಟ್ಟಿಲಲ್ಲಿ ಬಿದ್ರು" ಎಂದದ್ದು ವಸಂತಿಯ ಕಿವಿಗೆ "ಎದ್ರು" ಎಂದು ಬಿತ್ತು. ಭಾವ ಹಗಲೆಲ್ಲ ನಿದ್ದೆ ಮಾಡುವ ಆಸಾಮಿ. ಇವಳು ಮನಃಪೂರ್ವಕವಾಗಿ, "ಒಳ್ಳೇದಾಯ್ತು ಅಕ್ಕ, ಈಗಲಾದ್ರೂ!" ಎಂದುಬಿಟ್ಟಳು. ಎರಡು ದಿನ ಸಲಾಲಾದಿಂದ ಕರೆಯೇ ಬರಲಿಲ್ಲ. ಫೋನ್ ಸರಿಮಾಡಿಸುವ ಹೊಣೆ ನನ್ನ ತಲೆಗೆ ಬಂತು.

ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು. ಆದ್ದರಿಂದ ಮೊದಲು ಫೋನಿಗೆ ಎರಡು ಪೆಟ್ಟು ಕೊಟ್ಟೆ. ಆಮೇಲೆ ಮೊಬೈಲಿನಿಂದ ಸಹಾಯವಾಣಿಗೆ ಕರೆ ಮಾಡಿದೆ. ಸದ್ದು ಯಾವ ಥರದ್ದು ಎಂದು ಅಲ್ಲಿಯ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು. ಗರಗರ, ಕರಕರ, ಚಟಚಟ, ಜುಂಯ್, ಗುಂಯ್. ಇವನ್ನೆಲ್ಲ ಹೈಸ್ಕೂಲಿನಲ್ಲಿ ಅನುಕರಣಾವ್ಯಯ ಎಂಬ ಹೆಸರಿನಲ್ಲಿ ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದವನು ನಾನು. ಇಂಗ್ಲಿಷಿನಲ್ಲಿ ಒಂದೂ ನೆನಪಾಗಲಿಲ್ಲ. ಬೇರೆ ದಾರಿ ಕಾಣದೆ ಸದ್ದನ್ನೇ ಮಾಡಿ ತೋರಿಸಿದೆ. "ದಯವಿಟ್ಟು ಇನ್ನೊಮ್ಮೆ, ಸರ್" ಎಂದಳು. ಇನ್ನೊಮ್ಮೆ, ಇನ್ನಷ್ಟು ಜೋರಾಗಿ "ಗುಂಯ್ಯ್" ಎಂದೆ. ಕೋಣೆಯೊಳಗಿಂದ ಮಗಳು ಇಣುಕಿ, "ಡ್ಯಾಡಿ, ಆರ್ ಯೂ ಓಕೆ?" ಎಂದು ವಿಚಾರಿಸಿಕೊಂಡು ಹೋದಳು.

ಹುಡುಗಿ ಹೇಳಿದಂತೆ ಮೋಡೆಮ್ ತೆಗೆದೆ, ಉದ್ದನೆಯ ವಯರ್ ತೆಗೆದೆ, ಫೋನನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದೆ. ಸದ್ದು ಹಾಗೇ ಇತ್ತು. "ನಮ್ಮ ಕಡೆ ಎಲ್ಲ ಸರಿಯಿದೆ. ಹಾಗಾದರೆ ದೋಷ ನಿಮ್ಮ ಮನೆಯೊಳಗೇ ಇದೆ, ಸರ್" ಎಂದಳು. ಈ ಮಾತನ್ನು ಅಷ್ಟು ವಿನಯದಿಂದ ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಲಾರೆನ್ಸ್ ಪೊರ್ಬುಗಳು ಬಂದರು. ಪೊರ್ಬು ಎಂಬುದು ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಗೌರವದಿಂದ ಕರೆಯುವ ರೀತಿ. ಉಡುಪಿ ಕಡೆಯವರು, ನಮ್ಮ ಕೆಳಗಿನ ಮನೆಯವರು, ದೂರದ ಬಂದರು ಪಟ್ಟಣ ದುಕ್ಮ್‌ನಲ್ಲಿ ಎ.ಸಿ. ಫೋರ್‌ಮನ್. ಹದಿನೈದು ದಿನಕ್ಕೊಮ್ಮೆ ಕಂಪನಿ ಬಸ್ಸಿನಲ್ಲಿ ಮನೆಗೆ ಬಂದಾಗ ಇಡೀ ಕಟ್ಟಡದ ಕೆಟ್ಟ ಮಿಕ್ಸಿಗಳು ಅವರಿಗಾಗಿ ಕಾದಿರುತ್ತವೆ. ಫೋನಿನ ವಯರ್ ಹಿಡಿದುಕೊಂಡು ಗೋಡೆಯುದ್ದಕ್ಕೂ ನಡೆದು, ಅದು ಬಚ್ಚಲುಮನೆಯ ಸೀಲಿಂಗಿನೊಳಗೆ ನುಗ್ಗಿದ್ದನ್ನು ಕಂಡು, "ಶೆಟ್ರೇ, ಇದನ್ನು ಎಳೆದವನು ಮನುಷ್ಯನಾ ಇಲಿಯಾ?" ಎಂದರು. ಚಪ್ಪಲಿ ಕಳಚಿ, ಒದ್ದೆ ನೆಲದ ಮೇಲೆ ಅಲ್ಯೂಮಿನಿಯಂ ಏಣಿ ಇಟ್ಟು ಹತ್ತಿ, ಸೀಲಿಂಗಿನ ಮುಚ್ಚಳ ಸರಿಸಿದರು. ನಾನು ಹಾಲ್‌ನಲ್ಲಿ ಫೋನಿನ ಪಕ್ಕ, ಆಜ್ಞೆಗೆ ಕಾಯುತ್ತ ನಿಂತಿದ್ದೆ.

"ಲೈನ್ ಆಫ್ ಮಾಡಿ!" ಎಂದು ಕೂಗಿದರು.

ನಾನು ಗೋಡೆಯಿಂದ ಫೋನಿನ ವಯರ್ ಕಿತ್ತೆ. "ಆಫ್!"

"ಸರೀ ನೋಡಿದ್ರಾ?"

"ಖಲಾಸ್ ಪೊರ್ಬುಗಳೇ, ಲೈನ್ ಕಟ್!"

ಹೆಮ್ಮೆಯಿಂದಲೇ ಬಚ್ಚಲುಮನೆಯ ಬಾಗಿಲಿಗೆ ಬಂದೆ. ಸೀಲಿಂಗಿನೊಳಗೆ ಗೀಸರ್ ಇತ್ತು. ಅದರ ಕರೆಂಟಿನ ವಯರ್ ಬಿಸಿಗೆ ಸಿಪ್ಪೆ ಸುಲಿದು, ಫೋನಿನ ವಯರಿನ ಮೇಲೆ ಮಲಗಿತ್ತು. ಅವರು ಆರಿಸಲು ಹೇಳಿದ್ದು ಅದನ್ನು ಎಂದು ನನಗೆ ಹೊಳೆದದ್ದು ಆಮೇಲೆ. ಅದರ ಸ್ವಿಚ್ಚಿನ ದೀಪ ನನ್ನ ಭುಜದ ಪಕ್ಕದಲ್ಲೇ ಕೆಂಪಗೆ ಉರಿಯುತ್ತಿತ್ತು. ಪೊರ್ಬುಗಳು ಬರಿಗೈ ಚಾಚಿದರು. ಆಗ ಸೀಲಿಂಗಿನ ಧೂಳಿಗೆ ಅವರಿಗೊಂದು ಸೀನು ಬಂತು. ಕೈ ಹಿಂದೆ ತೆಗೆದು ಮೂಗು ಒರೆಸಿಕೊಂಡರು. ಮತ್ತೆ ಚಾಚುವಾಗ ಅದೇಕೋ ಜೇಬಿನಿಂದ ರಬ್ಬರು ಹಿಡಿಯ ಇಕ್ಕಳ ತೆಗೆದುಕೊಂಡರು. ಠಪ್ ಎಂದಿತು. ನೀಲಿ ಕಿಡಿ. ಇಕ್ಕಳ ನೆಲಕ್ಕೆ ಬಿತ್ತು, ಇಡೀ ಮನೆಯ ಕರೆಂಟು ಹೋಯಿತು, ಫ್ರಿಜ್ಜು ಕೂಡ ಉಸಿರು ಬಿಗಿಹಿಡಿಯಿತು.

ಒಂಟಿ ಸೀನು ಅಪಶಕುನ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ವಿಷಯದಲ್ಲಿ ಅವರು ಇನ್ನಷ್ಟು ಸಂಶೋಧನೆ ಮಾಡಬೇಕಿತ್ತು. ಈಗಲೂ ಯಾರಾದರೂ ಸೀನಿದರೆ ನನಗೆ ಆ ಬರಿಗೈ ಕಾಣುತ್ತದೆ. ಆಫೀಸಿನಲ್ಲಿ, ರೂವಿ ಪೇಟೆಗೆ ಹೋಗುವ ಬಸ್ಸಿನಲ್ಲಿ, ಎಲ್ಲಿ ಸೀನಿದರೂ ನಾನು ಒಮ್ಮೆ ಗೋಡೆ ಹಿಡಿದುಕೊಳ್ಳುತ್ತೇನೆ.

ಪೊರ್ಬುಗಳು ನಿಧಾನವಾಗಿ ಇಳಿದರು. ಶಬ್ದ ಕೇಳಿ ಓಡಿಬಂದ ವಸಂತಿ, "ಎಂತಾಯ್ತು ಮಾರಾಯ್ರೇ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅವರು, "ಈ ಹಳೇ ಬಿಲ್ಡಿಂಗಿನ ವಯರಿಂಗ್ ಸರಿ ಇಲ್ಲ ವಸಂತಿ ಬಾಯೀ. ಶೆಟ್ರು ಆಫ್ ಮಾಡಿದ್ರೂ ಕರೆಂಟ್ ಬಂತು" ಎಂದರು. ಮೈನ್ ಸ್ವಿಚ್ಚು ತಾವೇ ನೋಡಿ ಆರಿಸಿ, ಸುಲಿದ ವಯರಿಗೆ ಟೇಪ್ ಸುತ್ತಿ, ಎರಡನ್ನೂ ದೂರ ಕಟ್ಟಿದರು. ಚಹಾ ಕುಡಿದು, ಇಕ್ಕಳ ಎತ್ತಿಕೊಂಡು ಕೆಳಗೆ ಹೋದರು.

ತಪ್ಪು ನನ್ನದಲ್ಲ, ಲೈನ್ ಎಂಬ ಪದದ್ದು ಎಂದು ಆಮೇಲೆ ನನ್ನ ಪರವಾಗಿ ನಾನೇ ವಾದಿಸಿದೆ. ಕನ್ನಡಿಗರಾದ ನಾವು ಆ ಬಡಪಾಯಿ ಶಬ್ದದಿಂದ ಎಷ್ಟು ಕೆಲಸ ಮಾಡಿಸಿಕೊಂಡಿದ್ದೇವೆ ನೋಡಿ. ಕರೆಂಟ್ ಹೋದರೆ ಲೈನ್ ಇಲ್ಲ. ಕಂಬ ಹತ್ತುವವನು ಲೈನ್‌ಮನ್. ಸಾಲುಮನೆಗಳು ಲೈನ್ ಮನೆ. ಅಂಗಡಿಯಿಂದ ಅಂಗಡಿಗೆ ಸಾಮಾನು ಹಾಕುವುದು ಲೈನ್ ಸೇಲ್. ಕಾಲೇಜಿನಲ್ಲಿ ಕೆಲವರು ಹೊಡೆಯುತ್ತಿದ್ದದ್ದೂ ಲೈನೇ. ಅದಕ್ಕೆ ನನಗೆ ಧೈರ್ಯವಿರಲಿಲ್ಲ. ಫೋನಿನ ಹಿಂದೆ ಒಂದು ವಾರ ಓಡಾಡಿದವನಿಗೆ ಲೈನ್ ಎಂದರೆ ಫೋನಲ್ಲದೆ ಇನ್ನೇನು? ವಾದವೇನೋ ಬಿಗಿಯಾಗಿತ್ತು. ಸೀನು ಬಾರದಿದ್ದರೆ ಇದನ್ನು ಪೊರ್ಬುಗಳ ಹೆಂಡತಿಯ ಮುಂದೆ ಮಂಡಿಸುತ್ತಿದ್ದೆನೇ ಎಂದು ಕೇಳಿಕೊಂಡಾಗ ಮಾತ್ರ ಕುಸಿಯಿತು.

ಅಷ್ಟರಲ್ಲಿ ಫೋನು ಶುದ್ಧವಾಗಿತ್ತು, ವಸಂತಿ ಅಕ್ಕನಿಗೆ ಎಲ್ಲವನ್ನೂ ಹೇಳಿಯಾಗಿತ್ತು, ಮೆಟ್ಟಿಲಲ್ಲಿ ಸಿಕ್ಕವರಿಗೂ ಹೇಳಿಯಾಗಿತ್ತು. ನಮ್ಮದು ಆಫ್ ಮಾಡಿದರೂ ಕರೆಂಟ್ ಬರುವ ಕಟ್ಟಡವೆಂದು ಹೆಸರಾಯಿತು. ಜನ ಗೀಸರ್ ಬಿಟ್ಟು ಗ್ಯಾಸಿನ ಮೇಲೆ ನೀರು ಕಾಯಿಸತೊಡಗಿದರು. ಮಾಲೀಕರು ಕಳಿಸಿದ ಎಲೆಕ್ಟ್ರಿಷಿಯನ್ ಮೂರು ಮಹಡಿಯ ಸ್ವಿಚ್ಚುಗಳನ್ನು ಬಿಚ್ಚಿ ನೋಡಿ, ಏನೂ ಸಿಗದೆ, ಹೋಗುವಾಗ ನನ್ನನ್ನೇ ದಿಟ್ಟಿಸಿದ. ಎದುರು ಮನೆಯಾಕೆ ಕುದಿಯುವ ನೀರಿನ ಪಾತ್ರೆ ಹೊತ್ತು ಹಜಾರ ದಾಟುವುದನ್ನು, ಅವಳ ಕಾಲಿಗೆ ಮಗು ಅಡ್ಡ ಓಡುವುದನ್ನು ಕಂಡ ದಿನ ನನ್ನಿಂದ ತಡೆಯಲಾಗಲಿಲ್ಲ. ದುಕ್ಮ್‌ಗೆ ಫೋನ್ ಮಾಡಿದೆ.

ಫೋನ್ ಎಷ್ಟು ಸ್ವಚ್ಛವಾಗಿತ್ತೆಂದರೆ ಪೊರ್ಬುಗಳ ಉಸಿರು ಕೇಳುತ್ತಿತ್ತು. ಮರೆಯಾಗಲು ಒಂದಿಷ್ಟು ಗುಂಯ್ ಕೂಡ ಇರಲಿಲ್ಲ. "ಪೊರ್ಬುಗಳೇ, ಅವತ್ತು ನಾನು ಕಿತ್ತದ್ದು ಫೋನಿನ ಲೈನು" ಎಂದೆ.

"ಗೊತ್ತುಂಟು ಶೆಟ್ರೇ" ಎಂದರು. "ಇಳಿಯುವಾಗ ನೋಡಿದೆನಲ್ಲ, ಅದು ನಿಮ್ಮ ಕೈಯಲ್ಲೇ ನೇತಾಡ್ತಾ ಇತ್ತು."

"ಮತ್ತೆ ವಯರಿಂಗ್ ಸರಿ ಇಲ್ಲ ಅಂದ್ರಲ್ಲ?"

"ವಸಂತಿ ಬಾಯಿ ಎದುರು ಮತ್ತೆ ಎಂತ ಹೇಳುದು? ನಿಮ್ಮ ಮುಖ ನನಗಿಂತ ಬೆಳ್ಳಗಾಗಿತ್ತು. ಈಗ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ನೀವೇ ಸರೀ ಮಾಡಿ ಹೇಳಿ, ಪಾಪ, ಬಿಸಿನೀರು ಬಿದ್ದು ಯಾರಾದ್ರೂ ಸುಟ್ಕೊಂಡ್ರೆ?"

ಹೇಳುತ್ತೇನೆ ಎಂದೆ.

"ಮತ್ತೊಂದು" ಎಂದರು. "ಇನ್ನು ನಾನು ಲೈನ್ ಅಂದ್ರೆ, ಯಾವ ಲೈನು ಅಂತ ಕೇಳಿ. ಬಿ.ಎಸ್ಸಿ. ಓದಿ ಇಷ್ಟೂ ಗೊತ್ತಿಲ್ವಾ ಅಂತ ನಾನು ಬೈತೇನೆ. ಬೈಸಿಕೊಳ್ಳಿ ಮಾರಾಯ್ರೇ. ಬೈಲಿಕ್ಕೆ ನಾನು ಇರ್ತೇನಲ್ಲ!"