ಫೋನಿನಾಚೆಯ ಗೌರಮ್ಮ ಅಕ್ಕೋರು

ಆ ಶನಿವಾರವೂ ಗೌರಮ್ಮ ಅಕ್ಕೋರು ನನ್ನ ಮಾತು ಮುಗಿಯುವ ಮೊದಲೇ ಫೋನ್ ಇಟ್ಟರು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅವರು ಶಿಕಾರಿಪುರದ ಎಸ್‌ಟಿಡಿ ಬೂತಿನಲ್ಲಿ, ನಾನು ಸೊರಬದ ಬೂತಿನಲ್ಲಿ. "ನಮ್ಮ ಮೂರನೇ ಕ್ಲಾಸಿನ ಲಲಿತಾ ಈಗ ಓದ್ತಾಳೆ ಅಕ್ಕೋರೇ, ನಿಜವಾಗ್ಲೂ ಚೆನ್ನಾಗಿ..." ಎಂದು ಶುರುಮಾಡಿದ್ದೆ.

"ಚೆನ್ನಾಗಿ ಅಂತ ನೀವು ಹೇಳಬ್ಯಾಡ್ರಿ ಮೇಷ್ಟ್ರೇ. ಬರೋ ಶನಿವಾರ ಹುಡುಗೀನ ಬೂತಿಗೆ ಕರ್ಕೊಂಡು ಬರ್ರಿ. ಅವಳು ಕಂಡಿರದ ಸಾಲು ಬರೆದು ಕಳಿಸ್ತೀನಿ. ಓದಲಿ, ನಾನು ಕೇಳ್ತೀನಿ." ಟಕ್.

ಅವರು ಶಿಕಾರಿಪುರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾನು ಸೊರಬದ ಪಕ್ಕದ ಹಳ್ಳಿಯ ಮೇಷ್ಟ್ರು, ಟಿಸಿಎಚ್‌ಗಿಂತ ಹೆಚ್ಚು ಓದಿದವನಲ್ಲ. ತೊಂಬತ್ತರ ದಶಕದ ನಡುವೆ ಒಂದು ತರಬೇತಿಯಲ್ಲಿ ಪರಿಚಯವಾಯಿತು. ತರಗತಿಯಲ್ಲಿ ನೀವೇ ಕಂಡುಕೊಂಡದ್ದನ್ನು ಚಾರ್ಟಿನಲ್ಲಿ ಬರೆದು ತನ್ನಿ ಎಂದಿದ್ದರು. ತಂದೆವು. ದೀಪ ಬೆಳಗಿ, ಸ್ವಾಗತ ಕೋರಿ, ಹಾರ ಹಾಕಿ, ಹಾರ ಹಾಕಿಸಿಕೊಂಡವರೆಲ್ಲ ಮಾತಾಡಿ, ವಂದನಾರ್ಪಣೆ ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ಚಾರ್ಟುಗಳ ರಬ್ಬರ್ ಬ್ಯಾಂಡನ್ನೂ ಯಾರೂ ಬಿಚ್ಚಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅಕ್ಕೋರು ತಮ್ಮ ಚಾರ್ಟಿನ ಸುರುಳಿಯಿಂದ ನನ್ನ ತೋಳಿಗೆ ಬಡಿದು, "ನಿಮ್ಮೂರಾಗೆ ಫೋನ್ ಐತಾ?" ಎಂದು ಕೇಳಿದರು. ಅವರ ಮುಖ ನಾನು ನೋಡಿದ್ದು ಆಗ ಮಾತ್ರ.

ಆಮೇಲೆ ನಡೆದದ್ದು ಮುಖ ಕಾಣದ ಪ್ರದರ್ಶನ. ಚಾರ್ಟುಗಳು ಕಂಡಕ್ಟರ್ ಕೈಯಲ್ಲಿ ಊರಿಂದೂರಿಗೆ ಹೋಗುತ್ತಿದ್ದವು, ಬರೆದವರು ಹೋಗುತ್ತಿರಲಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬೂತಿನ ಮುಂದೆ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪು ಹಾಕಿ ತೂಗುಬಿಡುತ್ತಿದ್ದೆವು. ನೋಡಿದವರು ಒಬ್ಬೊಬ್ಬರಾಗಿ ಫೋನ್ ಹಿಡಿದು, ಆಚೆ ಊರಿನಲ್ಲಿ ಕುಳಿತ ಬರೆದವರನ್ನು ಪ್ರಶ್ನೆ ಕೇಳಬೇಕು. "ಯಾವ ಟಾಕೀಸಲ್ಲಿ ಮಾರಾಯ್ರೆ?" ಎಂದು, ಸಿನಿಮಾ ಪ್ರದರ್ಶನವೆಂದುಕೊಂಡು ವಿಚಾರಿಸಿ ಹೋದವರೂ ಇದ್ದರು. ಊರಿಗೆ ನಾಲ್ಕೇ ಜನ ಶಿಕ್ಷಕರು ಎಂಬುದು ಅಕ್ಕೋರ ಕಟ್ಟಪ್ಪಣೆ. "ಐದನೆಯವನು ಬಂದ್ರೆ ಯಾರಾರ ಅಧ್ಯಕ್ಷ ಆಗ್ತಾರೆ." ಒಂದೇ ಕಡೆ ಸೇರೋಣವೇ ಎಂದರೆ, "ಎದುರಿಗೆ ಕುಂತ್ರೆ ಮುಖ ನೋಡಿ ಹೊಗಳ್ತೀರಿ, ಮಂಡಕ್ಕಿ ತಿಂದು ಏಳ್ತೀರಿ" ಎನ್ನುತ್ತಿದ್ದರು.

ಒಮ್ಮೆ ನಮ್ಮ ಕಡೆಯ ಮುಖ್ಯೋಪಾಧ್ಯಾಯರೊಬ್ಬರು ಚಿನ್ನದ ಬಣ್ಣದ ಅಂಚಿನ ಚಾರ್ಟ್ ಕಳಿಸಿದರು. ಮಕ್ಕಳು ಹಿಂದುಳಿಯಲು ತಂದೆತಾಯಿಯ ಅಜ್ಞಾನವೇ ಕಾರಣ ಎಂಬುದು ಅವರ ಸಂಶೋಧನೆ. ಫೋನ್ ಹಿಡಿದ ಅವರ ಪಕ್ಕದಲ್ಲಿ ನಿಂತ ನಮಗೂ ಅಕ್ಕೋರ ದನಿ ಕೇಳುತ್ತಿತ್ತು.

"ಎಷ್ಟು ಮನೆಗೆ ಹೋಗಿದ್ರಿ ಸಾರ್?"

"ಹೋಗೋದೇನಮ್ಮಾ, ಎಲ್ಲರಿಗೂ ಗೊತ್ತಿರೋ ವಿಷಯ."

"ಎಲ್ಲರಿಗೂ ಗೊತ್ತಿದ್ರೆ ಬಸ್ಸಿಗೆ ಯಾಕೆ ಹಾಕಿದ್ರಿ? ಅಂಚು ಚೆಂದ ಐತೆ. ಅಂಚು ಇಟ್ಕೊಂಡು ಉಳಿದಿದ್ದು ವಾಪಸ್ ಕಳಿಸ್ಲಾ?"

ಅವರು ಮತ್ತೆ ಬೂತಿನ ಕಡೆ ತಲೆ ಹಾಕಲಿಲ್ಲ. ಅಕ್ಕೋರಿಗೆ ಅದರಿಂದ ಬೇಸರವೇನೂ ಆಗಲಿಲ್ಲ.

ನನ್ನನ್ನೂ ಬಿಡಲಿಲ್ಲ. ಮೂರನೇ ತರಗತಿಯ ನನ್ನ ಮಕ್ಕಳು ಪುಸ್ತಕ ತಲೆಕೆಳಗೆ ಹಿಡಿದರೂ ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದರು. ಎಲ್ಲ ಬಾಯಿಪಾಠ. ಅದನ್ನು ಕಂಡುಹಿಡಿದ ಹೆಮ್ಮೆಯಲ್ಲಿ ಚಾರ್ಟ್ ಬರೆದು, ತಲೆಕೆಳಗಾದ ಪುಸ್ತಕದ ಚಿತ್ರವನ್ನೂ ಬಿಡಿಸಿದ್ದೆ.

"ಚಿತ್ರ ಭಾರೀ ಐತೆ ಮೇಷ್ಟ್ರೇ. ಮಕ್ಕಳಿಗೆ ಓದಾಕೆ ಬರಲ್ಲ ಅಂತ ಗೊತ್ತಾತು. ಮುಂದೇನು, ಫ್ರೇಮ್ ಹಾಕಿಸ್ತೀರಾ? ಒಂದು ಮಗೂಗಾದ್ರೂ ಕಲಿಸಿ ಫೋನ್ ಮಾಡ್ರಿ."

ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಲಲಿತಾಳನ್ನು ಹಿಡಿದೆ. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಬೆಂಕಿಪೊಟ್ಟಣ, ಸಿಕ್ಕಿದ್ದನ್ನೆಲ್ಲ ಓದಿಸಿದೆ. ಅವಳಿಗೆ ಓದು ಬಂತು ಎಂದು ನನಗೆ ಅನ್ನಿಸಿತು. ನನಗೆ ಅನ್ನಿಸಿದರೆ ಸಾಲದು, ಅಕ್ಕೋರು ಕೇಳಿ ಹೂಂ ಅನ್ನಬೇಕಿತ್ತು.

ಫೋನಿನಲ್ಲಿ ಹೇಳಿದಂತೆ ಶುಕ್ರವಾರ ಸಂಜೆಯ ಬಸ್ಸಿಗೆ ಅವರ ಚಾರ್ಟ್ ಬಂತು. ಮರುದಿನ ಲಲಿತಾ ತಲೆಗೆ ಎಣ್ಣೆ ಹಚ್ಚಿ, ಹೊಸ ರಿಬ್ಬನ್ ಕಟ್ಟಿಕೊಂಡು ಬೂತಿಗೆ ಬಂದಳು. ಸುರುಳಿ ಬಿಚ್ಚದೆ ಹಾಗೇ ಅವಳ ಕೈಗೆ ಕೊಟ್ಟು ಫೋನ್ ಹಚ್ಚಿದೆ. ಎತ್ತಿದವನು ಶಿಕಾರಿಪುರದ ಬೂತಿನವನು.

"ಅಕ್ಕೋರು ಬರಲ್ಲ ಸಾರ್. ಬೆಳಗಿನ ಜಾವ ಎದೆನೋವು ಅಂದ್ರಂತೆ. ಆಸ್ಪತ್ರೆ ಮುಟ್ಟಲಿಲ್ಲ."

ಫೋನ್ ಇಡಲು ನನಗೆ ಕೈ ಬರಲಿಲ್ಲ. ಆಚೆಯವನೂ ಇಡಲಿಲ್ಲ. ಲಲಿತಾ ಇದೊಂದೂ ತಿಳಿಯದೆ ನೆಲದ ಮೇಲೆ ಚಾರ್ಟ್ ಹರಡಿ, ಅಕ್ಷರದ ಕೆಳಗೆ ಬೆರಳಿಟ್ಟು ತಡವರಿಸುತ್ತ ಓದಿದಳು: "ಮೇಷ್ಟ್ರೇ, ಹಿಂದೆ ನಿಂತು ಪಿಸುಗುಟ್ಟಬೇಡಿ. ಅವಳೇ ಓದಲಿ."

ಓದಿ ಮುಗಿಸಿ ಅದೇ ಸಾಲಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಸಾರ್, ನಿಮಗೇ ಬೈದಾರೆ!"

ಕೆಲವು ದಿನಗಳ ನಂತರ ಶಿಕಾರಿಪುರದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ದೀಪವಿತ್ತು, ಹಾರವಿತ್ತು. ಚಿನ್ನದ ಅಂಚಿನ ಮುಖ್ಯೋಪಾಧ್ಯಾಯರೇ ಅಧ್ಯಕ್ಷರು. ಅಕ್ಕೋರನ್ನು ಮಾದರಿ ಸಂಶೋಧಕಿ ಎಂದು ಬಹಳ ಹೊತ್ತು ಹೊಗಳಿದರು. ಮೇಜಿನ ಮೇಲೆ ಅವರ ಚಾರ್ಟುಗಳನ್ನು ಹೂವಿನ ಪಕ್ಕ ಪೇರಿಸಿಟ್ಟಿದ್ದರು. ರಬ್ಬರ್ ಬ್ಯಾಂಡ್ ಯಾರೂ ಬಿಚ್ಚಲಿಲ್ಲ. ಕೊನೆಯಲ್ಲಿ ಮಂಡಕ್ಕಿ ಕೊಟ್ಟರು.

ಲಲಿತಾ ಮುಂದಿನ ತರಗತಿಗೆ ಹೋದಳು, ಅದರ ಮುಂದಿನದಕ್ಕೂ ಹೋದಳು. ಅವಳಿಗೆ ಓದು ಬಂತೆಂದು ನಾನು ಬಹಳ ಜನಕ್ಕೆ ಹೇಳಿದ್ದೇನೆ, ಎಲ್ಲರೂ ನಂಬಿದರು. ಅವಳು ಓದಿದ್ದನ್ನು ಅಕ್ಕೋರು ಕೇಳಲಿಲ್ಲ.